ಕಾಕಾನ ಎಡಗೈ

ಮೊನ್ನೆ ಅಟ್ಟದ ಮೇಲಿನ ಟ್ರಂಕು ತೆರೆದಾಗ ಹಳೆಯ ಹೆಡ್‌ಫೋನ್ ಕೈಗೆ ಬಂತು. ಕಿವಿಗೆ ಆನುವ ಮೆತ್ತೆಯ ಕರೀ ಹೊದಿಕೆ ಮುಟ್ಟಿದ ಕೂಡಲೇ ಚಕ್ಕೆ ಚಕ್ಕೆಯಾಗಿ ಉದುರಿ ಬೆರಳಿಗೆ ಅಂಟಿಕೊಂಡಿತು. ಮೂಗಿನ ಹತ್ತಿರ ಹಿಡಿದೆ. ಲಕ್ವಾ ಹೊಡೆದ ಮೈಗೆ ತಿಕ್ಕುವ ಎಣ್ಣೆಯ ಘಾಟು ಅದರಲ್ಲಿ ಇನ್ನೂ ಇತ್ತೋ, ನನಗೆ ಹಾಗನ್ನಿಸಿತೋ… ಹಿಂದಿನ ಮನೆಯ ಕಾಕಾ ಬಂದು ಪಕ್ಕದಲ್ಲಿ ಕೂತಂತಾಯಿತು.

ಅವರು ನಮಗೆ ಬಳಗದವರಲ್ಲ. ನಾನು ಮದುವೆಯಾಗಿ ಬನಹಟ್ಟಿಗೆ ಬಂದಾಗ ಅವರ ಮನೆ ನಮ್ಮ ಹಿತ್ತಲ ಗೋಡೆಗೆ ಹತ್ತಿಕೊಂಡಿತ್ತು, ಅಷ್ಟೇ. ಊರು ಬೀಳಗಿ ಕಡೆಯದು. ಅಣೆಕಟ್ಟಿನ ಹಿನ್ನೀರು ಬಂದು ಊರಿಗೆ ಊರೇ ಎದ್ದು ಎತ್ತರದ ಬಯಲಿಗೆ ಹೋದಾಗ, ಇವರು ಹೆಂಡತಿಯನ್ನು ಕರೆದುಕೊಂಡು ಇಲ್ಲಿಗೆ ಬಂದು ಸಾಲೆಯೊಂದರಲ್ಲಿ ಜವಾನರಾಗಿ ಸೇರಿದ್ದರು. ಅವರ ಊರಿನವರಿಗೆ ಮಾತ್ರ ಅವರು ಯಾವಾಗಲೂ ಬೀರೇಶ್ವರನ ಗುಡಿಯ ಡೊಳ್ಳಿನವರೇ. ದೇವರ ಕೆಲಸ ಬಂತೆಂದರೆ ರಜೆ ಹಾಕಿ ಬಸ್ಸು ಹತ್ತಿಬಿಡುತ್ತಿದ್ದರು. ಒಂದು ಬೆಳಗ್ಗೆ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದವರು ಹಾಗೇ ಕುಸಿದರು. ಎಡಗೈ, ಎಡಗಾಲು ಎರಡೂ ಹೋದವು.

ಆಮೇಲೆ ಅವರ ಲೋಕವೆಂದರೆ ಒಂದು ಖೋಲಿ, ಮಲಗಲು ಒಂದು ಹೊರಸು. ಮುಂದಿನ ಬಾಗಿಲ ಹೊಸ್ತಿಲು ಎತ್ತರದ್ದು, ಅದನ್ನು ದಾಟಲು ಇಬ್ಬರು ಹಿಡಿಯಬೇಕಿತ್ತು. ಎರಡೂ ಪಕ್ಕಕ್ಕೆ ಪವರ್‌ಲೂಮು. ಕರೆಂಟು ಇರುವತನಕ ಮಗ್ಗಗಳ ಖಟಖಟ. ನೂಲಿನ ಧೂಳು ಒಳಗೆ ಬರುತ್ತದೆಂದು ಕಿಟಕಿಯೂ ಬಂದ್. ನನ್ನ ಸ್ಥಿತಿಯೂ ಬೇರೆಯಾಗಿರಲಿಲ್ಲ. ಗಂಡ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಾರಿಸಿಕೊಂಡು ಊರೂರು ತಿರುಗುತ್ತಿದ್ದರು. ನಾನು ಹೊಸ ಸೊಸೆ, ಮುಚ್ಚಿದ ಮನೆಯೊಳಗೆ ಮಗ್ಗದ ಸಪ್ಪಳ ಕೇಳುತ್ತ ಕೂರುವವಳು. ಬೇಸರ ಕಳೆಯಲೆಂದೇ ಗಂಡನ ರೆಕಾರ್ಡಿಂಗ್ ಮಷಿನ್ನು ನಡೆಸಲು ಕಲಿತಿದ್ದೆ. ಕಂಪ್ಯೂಟರಿನ ಹಂಗಿಲ್ಲದ, ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟು ದೊಡ್ಡ ಪೆಟ್ಟಿಗೆ ಅದು. ಭಜನೆಯವರು ಬಂದರೆ ಹಾಡು, ಹಾರ್ಮೋನಿಯಂ, ತಬಲಾ ಬೇರೆ ಬೇರೆಯಾಗಿ ಹಿಡಿದು ಕೂಡಿಸಿ ಕೊಡುತ್ತಿದ್ದೆವು.

ಒಂದು ದಿನ ಕಾಕಾನ ಹೆಂಡತಿ ಗೋಡೆಯ ಆಚೆಯಿಂದ ಕೂಗಿದರು. ಅವರನ್ನು ನಾನು ಚಿಗವ್ವ ಎನ್ನುತ್ತಿದ್ದೆ. ಹೋಗಿ ನೋಡಿದರೆ ಕಾಕಾ ಗೋಡೆಗೆ ಒರಗಿ ಕೂತಿದ್ದರು, ಮುಖ ಎಂದಿನಂತಿರಲಿಲ್ಲ. ಊರಿನಿಂದ ಗುಡಿಯ ಡೊಳ್ಳಿನ ಹುಡುಗರು ಬಂದು ಹೋಗಿದ್ದರಂತೆ. ಊರು ಎದ್ದ ಮೇಲೆ ಪಲ್ಲಕ್ಕಿ ಹೊಳೆಗೆ ಹೋಗುವುದೇ ನಿಂತಿತ್ತು. ಈಗ ಹಿನ್ನೀರಿನ ದಂಡೆಗಾದರೂ ಒಯ್ಯೋಣವೆಂದು ಹಿರಿಯರು ಮಾತಾಡಿಕೊಂಡಿದ್ದರು. ಆದರೆ ಪಲ್ಲಕ್ಕಿಯ ಮುಂದೆ ಬಾರಿಸುವ ‘ಹೊಳಿ ಪೆಟ್ಟು’ ಯಾರಿಗೂ ಬರುತ್ತಿರಲಿಲ್ಲ. ಬರುತ್ತಿದ್ದವರೆಲ್ಲ ತೀರಿಹೋಗಿ, ಉಳಿದವರು ಕಾಕಾ ಒಬ್ಬರೇ.

“ತಂಗಿ, ನಿಮ್ಮ ಮಷಿನ್ನಿನ್ಯಾಗ ಒಂದರ ಮ್ಯಾಲೊಂದು ಸಪ್ಪಳ ಕೂಡಸ್ತಾರಂತ. ಖರೇನ?” ಎಂದರು ಕಾಕಾ.

“ಹೌದ್ರಿ ಕಾಕಾ. ಮೊದಲ ಒಂದು ಬಾರಿಸಿ ಇಡೂದು. ಆಮ್ಯಾಲೆ ಅದನ್ನ ಕಿವ್ಯಾಗ ಕೇಳಕೋತ ಇನ್ನೊಂದು ಬಾರಿಸೂದು. ಕಡೀಕ ಎರಡೂ ಕೂಡೇ ಕೇಳಸ್ತಾವ.”

ಅವರು ಬಲಗೈಯಿಂದ ಎಡಗೈಯನ್ನು ಎತ್ತಿ, ಮಲಗಿದ ಕೂಸನ್ನು ಸರಿಸುವ ಹಾಗೆ ತೊಡೆಯ ಮೇಲಿಟ್ಟುಕೊಂಡರು. “ಹಂಗಾದ್ರ ಒಂದ ಕೈಲೆ ಎರಡೂ ಕೈ ಬಾರಸ್ತೇನಿ,” ಎಂದರು.

ಡೊಳ್ಳಿಗೆ ಬಲಗಡೆ ಕೋಲು, ಎಡಗಡೆ ಅಂಗೈ. ಬಲಗಡೆಯದನ್ನು ಮೊದಲು ಹಿಡಿದು, ಡೊಳ್ಳು ತಿರುಗಿಸಿಟ್ಟು, ಅದೇ ಕೈಯಿಂದ ಎಡಗಡೆಯದನ್ನು ಬಾರಿಸುವುದೆಂದು ಗೊತ್ತಾಯಿತು. ಆದರೆ ಯಾವಾಗ? ಕರೆಂಟು ಇದ್ದರೆ ಮಗ್ಗ ಓಡುತ್ತವೆ, ಮೈಕಿನಲ್ಲಿ ಬರೀ ಖಟಖಟ. ಕರೆಂಟು ಹೋದರೆ ಊರೆಲ್ಲ ಶಾಂತ, ಆದರೆ ಮಷಿನ್ನೂ ಸತ್ತ ಹಾಗೆ. ಕೊನೆಗೆ ಮಗ್ಗಕ್ಕೆ ರಜೆಯಿರುವ ಅಮಾಸೆಯೊಂದೇ ದಾರಿ ಎಂದಾಯಿತು.

ಅಮಾಸೆಯ ದಿನ ಖೋಲಿಯ ಗೋಡೆಗಳಿಗೆಲ್ಲ ಹೊದೆಯುವ ಕೌದಿ ಇಳಿಬಿಟ್ಟೆವು. ಕಿಟಕಿಯ ಸಂದಿಗೆ ನೂಲಿನ ಚಿಂದಿ ತುರುಕಿದೆವು. ಬಾಗಿಲು ಹಾಕಿ, ಸಪ್ಪಳವಾಗುತ್ತದೆಂದು ಫ್ಯಾನೂ ಬಂದ್ ಮಾಡಿದೆವು. ಡೊಳ್ಳನ್ನು ಬೆಂಚಿನ ಮೇಲೆ ಕಟ್ಟಿ, ಎದುರಿಗೆ ಕಾಕಾನನ್ನು ಕೂರಿಸಿದೆವು. ಮೊದಲ ಪೆಟ್ಟಿಗೇ ಮಷಿನ್ನಿನ ಕೆಂಪು ದೀಪ ಹತ್ತಿ ದನಿ ಒಡೆಯಿತು. ಮೈಕನ್ನು ಮೂಲೆಗೆ ಸರಿಸಿದೆ. ಬೇಸಿಗೆಯ ಝಳಕ್ಕೆ ಮೂವರ ಮೈಯಿಂದಲೂ ನೀರು ಇಳಿಯುತ್ತಿತ್ತು. ಎಣ್ಣೆ ಮೆತ್ತಿದ ಅವರ ಕಿವಿಗಳ ಮೇಲೆ ಹೆಡ್‌ಫೋನ್ ಜಾರುತ್ತಿತ್ತು.

“ಬೋನಿನ್ಯಾಗ ಹಾಕಿದಿ ನೋಡು ತಂಗಿ,” ಎಂದು ನಕ್ಕರು. ನಗು ಅರ್ಧ ಮುಖಕ್ಕಷ್ಟೇ ಬಂತು.

ಬಲಗೈ ಆಯಿತು. ಡೊಳ್ಳು ತಿರುಗಿಸಿ ಎಡಗೈಯದೂ ಆಯಿತು. ಎರಡನ್ನೂ ಕೂಡಿಸಿ ಕೇಳಿಸಿದೆ. ನನಗೆ ರೋಮಾಂಚನವಾಗಿತ್ತು. ಎರಡೂ ಕೈಯಿದ್ದ ಕಾಕಾ ಆ ಪೆಟ್ಟಿಗೆಯೊಳಗೆ ಎದ್ದು ನಿಂತು ಬಾರಿಸುತ್ತಿದ್ದರು! ಅವರು ಮಾತ್ರ ಕಣ್ಣು ಮುಚ್ಚಿ ಕೇಳುತ್ತ ಕೇಳುತ್ತ ಹೆಡ್‌ಫೋನ್ ಕಿತ್ತು ಕೆಳಗಿಟ್ಟರು.

“ಇದಲ್ಲ. ಹೊಳಿ ಪೆಟ್ಟಿನ್ಯಾಗ ಎಡಗೈ ಕರೀತೈತಿ, ಬಲಗೈ ಬರತೈತಿ. ಇಲ್ಲೆ ಬಲಗೈ ಯಾರ ಮಾತೂ ಕೇಳವಲ್ದು, ತನ್ನ ಪಾಡಿಗೆ ತಾ ಹೊಂಟೈತಿ. ಎಡಗೈ ಭಿಕ್ಷಾ ಬೇಡಕೋತ ಹಿಂದ ಓಡಾಕತ್ತೈತಿ.”

ಎಡಗೈಯನ್ನು ಮೊದಲು ಹಿಡಿದು ನೋಡೋಣವೆಂದೆ. ಅದೂ ಆಯಿತು. ಆಗ ಎಡಗೈ ಕರೆಯಿತು, ಆದರೆ ಬಲಗೈ ಬಂದದ್ದು ಅದಕ್ಕೆ ಗೊತ್ತೇ ಆಗಲಿಲ್ಲ. ಕಾಕಾ ಕೋಲು ಎಸೆದರು. “ಎಲ್ಲಾ ಅಳಸಿಬಿಡು. ಅರ್ಧ ಮನಷ್ಯಾ ಅರ್ಧಾನ,” ಎಂದು ಗೋಡೆಯ ಕಡೆ ತಿರುಗಿಬಿಟ್ಟರು. ಅವರ ಬೆನ್ನ ಹಿಂದೆ ನಿಂತ ಚಿಗವ್ವ ಅಳಿಸಬೇಡವೆಂದು ನನಗೆ ಕೈಸನ್ನೆ ಮಾಡಿದರು. ನಾನು ಮಷಿನ್ನು ಎತ್ತಿಕೊಂಡು ಬಂದೆ.

ಕೆಲವು ದಿನಗಳ ಮೇಲೆ, ಮಧ್ಯಾಹ್ನ, ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ಶಾಂತದಲ್ಲಿ ಹಿತ್ತಲ ಗೋಡೆಯಾಚೆಯಿಂದ ಡೊಳ್ಳು ಕೇಳಿಸಿತು. ಒಂದಲ್ಲ, ಎರಡು ಕೈ! ಓಡಿದೆ. ಬೆಂಚಿನ ಬಲಗಡೆ ಕೋಲು ಹಿಡಿದ ಕಾಕಾ, ಎಡಗಡೆ ಸೆರಗು ಸಿಕ್ಕಿಸಿ ಕೂತ ಚಿಗವ್ವ. ಅವರ ಮನೆತನದ ಹೆಣ್ಣುಮಕ್ಕಳು ಡೊಳ್ಳಿಗೆ ಕೈ ಹಚ್ಚಿದವರಲ್ಲ. ಆದರೆ ಆಯುಷ್ಯವೆಲ್ಲ ಕೇಳಿದ ಪೆಟ್ಟು ಅವರ ಅಂಗೈಗೆ ಬಂದಿತ್ತು.

“ನಿಂದರಬ್ಯಾಡ ಬೇ, ಕರಿ! ನೀ ಕರದ್ರ ನಾ ಬರತೇನಿ!” ಕಾಕಾ ಕೂಗುತ್ತಿದ್ದರು.

ಅಂಥ ಡೊಳ್ಳನ್ನು ನಾನು ಮತ್ತೆ ಕೇಳಿಲ್ಲ. ಹಿಡಿದಿಡಲು ಕರೆಂಟಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಕೊನೆಯತನಕ ಕೇಳಿದೆ… ಮುಗಿದ ಮೇಲೆ ಕಾಕಾ ಏದುಸಿರು ಬಿಡುತ್ತ, “ಬರೂ ಅಮಾಸಿಗೆ ಇದನ್ನ ಹಿಡದಬಿಡೂಣು ತಂಗಿ,” ಎಂದರು.

ಅಮಾಸೆ ಬರುವ ಮೊದಲೇ ಅವರಿಗೆ ಎರಡನೆಯ ಸಲ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಕಣ್ಣಷ್ಟೇ ಓಡಾಡುತ್ತಿದ್ದವು.

ಆ ಅಮಾಸೆಯಂದು ಚಿಗವ್ವ ತಾವೇ ಬಂದು, “ಮಷಿನ್ ತಗೊಂಡು ನಡಿಯವಾ,” ಎಂದರು. ಮಷಿನ್ನು ಎತ್ತಿಕೊಂಡು ಅವರ ಹಿಂದೆ ನಡೆದೆ. ಅದೇ ಕೌದಿಗಳು, ಅದೇ ಮುಚ್ಚಿದ ಬಾಗಿಲು. ಕಾಕಾ ಹೊರಸಿನ ಮೇಲೆ. ಮೊದಲ ಸಲ ಹಿಡಿದ ಅವರ ಬಲಗೈ ಮಷಿನ್ನಿನಲ್ಲಿ ಹಾಗೇ ಇತ್ತು. ಅದನ್ನಷ್ಟೇ ಇಟ್ಟುಕೊಂಡು ಚಿಗವ್ವನ ಕಿವಿಗೆ ಹೆಡ್‌ಫೋನ್ ಹಾಕಿದೆ. ಗಂಡನ ಕೋಲಿನ ಪೆಟ್ಟು ಕೇಳುತ್ತ ಅವರು ಎಡಗೈ ಕೂಡಿಸತೊಡಗಿದರು. ನಡುವೆ ಒಂದು ಕಡೆ ಕೈ ಗಾಳಿಯಲ್ಲೇ ನಿಂತಿತು. ಹೊರಸಿನ ಕಡೆ ನೋಡಿದರು. ಆ ಬಲಗೈ ಕಾಯಲಿಲ್ಲ, ತನ್ನ ಪಾಡಿಗೆ ನಡೆಯಿತು. ಚಿಗವ್ವ ಮತ್ತೆ ಅದನ್ನು ಹಿಡಿದು ಕೊನೆಮುಟ್ಟಿಸಿದರು.

“ನಡುವ ಒಂದೀಟು ತಪ್ಪೇತಿ ಚಿಗವ್ವ. ಇನ್ನೊಮ್ಮೆ ಹಿಡಿಯೂಣ್ರಿ?”

“ಬ್ಯಾಡ ತಂಗಿ. ಇನ್ನೊಮ್ಮೆ ನನ್ನ ಕೈಲೆ ಆಗೂದಿಲ್ಲ.”

ಎರಡನ್ನೂ ಕೂಡಿಸಿ, ಸ್ಪೀಕರ್ ಹಚ್ಚಿ ಕಾಕಾನಿಗೆ ಕೇಳಿಸಿದೆವು. ಅವರು ಕೊನೆಯತನಕ ಚಿಗವ್ವನನ್ನೇ ನೋಡುತ್ತಿದ್ದು, ಆಮೇಲೆ ಕಣ್ಣು ಮುಚ್ಚಿಕೊಂಡರು. ಸಿಟ್ಟೋ, ಸಮಾಧಾನವೋ… ಕೇಳಿ ತಿಳಿಯುವಂತಿರಲಿಲ್ಲ. ಅದನ್ನೇ ಸೀಡಿಗೆ ಇಳಿಸಿ ಕೊಟ್ಟೆ, ಊರಿನ ಹುಡುಗರು ಕೇಳಿ ಕಲಿಯಲೆಂದು ಬಂದು ಒಯ್ದರು. ಮುಂದಿನ ಮಳೆಗಾಲ ಕಾಣಲಿಲ್ಲ ಕಾಕಾ. ಚಿಗವ್ವ ಮನೆ ಖಾಲಿ ಮಾಡಿ ಮಹಾಲಿಂಗಪುರದ ತಂಗಿಯ ಮನೆಗೆ ಹೋದರು. ಅಲ್ಲೇ ತೀರಿಕೊಂಡರೆಂದು ಬಹಳ ತಡವಾಗಿ ತಿಳಿಯಿತು.

ಹೋದ ವರ್ಷ ಬೀಳಗಿಗೆ ಒಂದು ಮದುವೆಗೆ ಹೋದವಳು ಆ ಊರಿನ ಗುಡಿಗೂ ಹೋಗಿ ಬಂದೆ. ಕಟ್ಟೆಯ ಮುಂದೆ ಡೊಳ್ಳಿನವರು ತಾಲೀಮು ನಡೆಸಿದ್ದರು. ಹೊಳಿ ಪೆಟ್ಟು ಕೇಳಬೇಕೆಂದೆ, ಬಾರಿಸಿದರು. ನಡುವೆ ಒಂದು ಕಡೆ ಎಲ್ಲರ ಎಡಗೈಗಳೂ ಗಾಳಿಯಲ್ಲಿ ನಿಂತವು. ಕೋಲುಗಳಷ್ಟೇ ನಡೆದವು. ಮತ್ತೆ ಎಡಗೈಗಳು ಕೂಡಿಕೊಂಡವು.

“ಅಲ್ಲೆ ಎಡಗೈ ಯಾಕ ನಿಂದರತಾವ್ರಿ?” ಎಂದು ಅವರ ಮುಂದಾಳನ್ನು ಕೇಳಿದೆ.

“ಮೊದಲಿಂದ ಹಂಗ ಐತ್ರಿ ಅಕ್ಕಾರ. ನೀರು ಕಂಡಕೂಡ್ಲೆ ಪಲ್ಲಕ್ಕಿ ಹೊರಾವ್ರು ಕಾಲ ತಡೀತಾರಲ್ರಿ, ಅದು ಆ ಜಾಗಾ.”

ನಾನು ಹೌದೆಂದು ತಲೆಯಾಡಿಸಿದೆ. ಬಸ್ಸಿನಲ್ಲಿ ಬರುವಾಗ ಇದನ್ನು ಚಿಗವ್ವನಿಗೆ ಹೇಳಬೇಕೆನ್ನಿಸಿತು. ಹೇಳಲು ಅವರಿರಲಿಲ್ಲ. ಕಾಕಾ ಕೇಳಿದ್ದರೆ ನಮ್ಮಿಬ್ಬರಿಗೂ ಬೈಯುತ್ತಿದ್ದರೋ ಏನೋ… ಬೈಯಲಿಕ್ಕಾದರೂ ಇರಬೇಕಿತ್ತು.