ಅತನೂರಿನ ಮದುವೆ ಕುದುರೆ ನೀರು ದಾಟಿದ್ದು

ಅತನೂರಿನಲ್ಲಿ ಗುಡುಸಾಬನ ಬಿಳಿ ಕುದುರೆ ಏರದೆ ಮದುಮಗರಾದವರು ಬಹಳ ಕಡಿಮೆ. ಚಾಂದನಿ ಅಂತ ಅದರ ಹೆಸರು. ಹಣೆಗೆ ಕನ್ನಡಿಯ ಪಟ್ಟಿ ಕಟ್ಟಿಕೊಂಡು, ಬೆನ್ನ ಮೇಲೆ ಜರಿಯ ಝೂಲ ಹೊದ್ದು, ಹಲಗೆ ವಾದ್ಯದ ಸಪ್ಪಳಕ್ಕೆ ಮುಂಗಾಲು ಎತ್ತಿ ಎತ್ತಿ ಇಡುತ್ತ ಬಂದರೆ ಜನ ಮದುಮಗನನ್ನು ಬಿಟ್ಟು ಕುದುರೆಯನ್ನೇ ನೋಡುತ್ತಿದ್ದರು. ಲಗ್ನವಿಲ್ಲದೆ, ಬಾಸಿಂಗವಿಲ್ಲದೆ ಆ ಬೆನ್ನೇರಿದವಳು ಮಾತ್ರ ಇಡೀ ಊರಿನಲ್ಲಿ ಒಬ್ಬಳೇ. ಧರ್ಮಣ್ಣನ ಮಗಳು ಅಮೃತ.

ಗುಡುಸಾಬನ ಕುದುರೆಯ ಕೊಟ್ಟಿಗೆ ಧರ್ಮಣ್ಣನ ಹೊಲದ ಬದುವಿಗೆ ಹತ್ತಿಕೊಂಡೇ ಇತ್ತು. ನಡೆಯಲು ಬಂದ ದಿನದಿಂದ ಅಮೃತ ಎರಡು ಜೋಳದ ಕಣಕಿ ಹಿಡಿದುಕೊಂಡು ಅಲ್ಲಿಗೇ ಓಡುವವಳು. ಅವಳ ಅಜ್ಜಿ ಸಕ್ಕುಬಾಯಿ ಹುಡುಕುವಾಗ ಮನೆಯಲ್ಲಿ ನೋಡುತ್ತಲೇ ಇರಲಿಲ್ಲ, ಸೀದಾ ಕೊಟ್ಟಿಗೆಗೆ ಹೋಗಿ, "ನನ್ನ ಕುದರಿಮರಿ ಎಲ್ಲೈತ್ರಿ ಸಾಬ್ರ?" ಅಂತ ಕೇಳುತ್ತಿದ್ದಳು.

ಹುಡುಗಿ ಬೆಳೆದಳು, ಜೇವರ್ಗಿಯ ಕಾಲೇಜಿಗೆ ಸೇರಿದಳು. ಒಂದು ದಿನ ಜೇವರ್ಗಿಯ ಹೊರಗೆ ಬಸ್ಸಿನ ಕಿಟಕಿಯಿಂದ ನೋಡುತ್ತಾಳೆ, ಒಂದು ಮೈದಾನದಲ್ಲಿ ಅವಳದೇ ವಯಸ್ಸಿನ ಹುಡುಗಿಯೊಬ್ಬಳು ಕುದುರೆ ಮೇಲೆ ಕುಳಿತು ಅಡ್ಡಗಂಬ ಜಿಗಿಯುತ್ತಿದ್ದಾಳೆ! "ನಿಲ್ಲಸ್ರಿ! ನಿಲ್ಲಸ್ರಿ!" ಅಂತ ಅಮೃತ ಕೂಗಿದ ಕೂಗಿಗೆ ಡ್ರೈವರು ಯಾರೋ ಗಾಲಿಗೆ ಸಿಕ್ಕರೆಂದು ಹೆದರಿ ಬ್ರೇಕು ಒತ್ತಿದ. ಕಂಡಕ್ಟರು ಬೈಯುತ್ತಲೇ ಇದ್ದ, ಇವಳು ಇಳಿದು ಓಡುತ್ತಲೇ ಇದ್ದಳು.

ಆ ಮೈದಾನ ಬುರಾನುದ್ದೀನರದು. ಸೈನ್ಯದಲ್ಲಿ ಕುದುರೆಗಳ ಜೊತೆಯೇ ಕೆಲಸ ಮಾಡಿ ನಿವೃತ್ತರಾದವರು. ಎಲ್ಲರೂ ಅವರನ್ನು ಉಸ್ತಾದರೆನ್ನುತ್ತಿದ್ದರು. ಅಲ್ಲಿ ಕಲಿಸುತ್ತಿದ್ದ ಆಟಕ್ಕೆ ಇವೆಂಟಿಂಗ್ ಅಂತ ಹೆಸರು. ಮೊದಲ ಭಾಗದಲ್ಲಿ ಸವಾರ ಹೇಳಿದ ಹಾಗೆ ಕುದುರೆ ಹದವಾಗಿ ಹೆಜ್ಜೆ ಹಾಕಿ ತೋರಿಸಬೇಕು. ಎರಡನೆಯದು ಬಯಲೋಟ, ದಿಬ್ಬ, ದಿಮ್ಮಿ, ನೀರಿನ ಹೊಂಡ ದಾಟಿಕೊಂಡು ಓಡಬೇಕು. ಮೂರನೆಯದರಲ್ಲಿ ಮೈದಾನದ ಗಂಬಗಳನ್ನು ಬೀಳಿಸದೆ ಜಿಗಿಯಬೇಕು.

ಸಕ್ಕುಬಾಯಿಗೆ ಇದನ್ನು ಹೇಳಿದಾಗ ಆಕೆ ಎಲ್ಲ ಕೇಳಿಸಿಕೊಂಡು, "ಅಂದ್ರ ಮೊದಲ ಕುಣಿಯೂದು, ಆಮ್ಯಾಗ ಓಡೂದು, ಆಮ್ಯಾಗ ಹಾರೂದು. ಅದಕ್ಕ ಅಷ್ಟ್ ದೊಡ್ಡ ಹೆಸರ್ಯಾಕ ಬೇ?" ಅಂದಳು.

ಲಗ್ನವಿಲ್ಲದ ಮಳೆಗಾಲದಲ್ಲಿ ಗುಡುಸಾಬನನ್ನು ಒಪ್ಪಿಸಿ ಅಮೃತ ಚಾಂದನಿಯನ್ನು ಉಸ್ತಾದರ ಹತ್ತಿರ ಕರೆದೊಯ್ದಳು. ಕುಣಿಯುವುದನ್ನು ಅದಕ್ಕೆ ಕಲಿಸಬೇಕಾಗಿರಲಿಲ್ಲ, ಬಿಡಿಸಬೇಕಾಗಿತ್ತು. ಹಾರುವುದನ್ನು ಅದು ಆ ಒಂದು ಮಳೆಗಾಲದಲ್ಲೇ ಕಲಿತುಬಿಟ್ಟಿತು. ಉಸ್ತಾದರೇ ಗುಡುಸಾಬನ ಹತ್ತಿರ ಬಂದು ಕುದುರೆಯನ್ನು ಕೇಳಿದರು. ಹಂಗಾಮಿನಲ್ಲಿ ಮೂರು ಸ್ಪರ್ಧೆ ಇವೆ, ಒಂದರಲ್ಲಾದರೂ ಮೂರೂ ಭಾಗ ಪೂರ್ತಿ ಮುಗಿಸಿದರೆ ಹುಡುಗಿಯನ್ನೂ ಕುದುರೆಯನ್ನೂ ಮುಂದಿನ ವರ್ಷ ದೊಡ್ಡ ಸ್ಪರ್ಧೆಗೆ ಕಳಿಸಬಹುದು.

ಗುಡುಸಾಬ ಗಡ್ಡ ನೀವಿಕೊಂಡ. "ನೋಡ್ ಬೇಟಿ, ಇದು ನನ್ನ ಹೊಟ್ಟಿ ತುಂಬಸೂ ಕುದರಿ. ಶಿವರಾತ್ರಿ ತನಕ ನಿನ್ನ ಕೈಯಾಗ ಕೊಡ್ತೇನಿ. ಪೂರಾ ಮುಗಿಸಿದಿ, ಚಾಂದನಿ ನಿನ್ನ ಸಂಗಾಟೇ ಇರ್ಲಿ, ನಾ ಬ್ಯಾರೆ ಕುದರಿ ನೋಡಿಕೋತೇನಿ. ಮುಗಸ್ಲಿಲ್ಲ, ಮದ್ವಿ ಕುದರಿ ಮದ್ವಿಗೇ. ಆಮ್ಯಾಗ ಅಳಬಾರದು."

"ಯಾರ್ ಅಳ್ತಾರ್ರಿ ಕಾಕಾ?" ಅಂದಳು ಅಮೃತ. ಅವಳ ಕಾಲು ನೆಲದ ಮೇಲಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಮೊದಲ ಸ್ಪರ್ಧೆ ಉಸ್ತಾದರ ಮೈದಾನದಲ್ಲೇ ನಡೆಯಿತು. ಮೊದಲ ಭಾಗದಲ್ಲಿ ಚಾಂದನಿ ಹೆಜ್ಜೆ ಹಾಕಿದ ಚಂದಕ್ಕೆ ನೋಡುತ್ತಿದ್ದವರು ಚಪ್ಪಾಳೆ ಹೊಡೆದರು. ಬಯಲೋಟ ಶುರುವಾಯಿತು. ದಿಮ್ಮಿ ಹಾರಿತು, ದಿಬ್ಬ ಹತ್ತಿ ಇಳಿಯಿತು, ಅಮೃತಳ ಕಿವಿಯಲ್ಲಿ ಗಾಳಿ ಸಿಳ್ಳು ಹೊಡೆಯುತ್ತಿತ್ತು. ಮುಂದೆ ನೀರಿನ ಹೊಂಡ. ಎರಡೂ ಬದಿಗೆ ಕೆಂಪು, ಬಿಳಿ ನಿಶಾನೆ. ಪಕ್ಕದಲ್ಲಿ ತೀರ್ಪು ಕೊಡುವ ಪಂಚರೊಬ್ಬರು ಸೀರೆಯುಟ್ಟು ನಿಂತಿದ್ದರು.

ಚಾಂದನಿ ನಿಂತುಬಿಟ್ಟಿತು. ಕತ್ತು ಎತ್ತಿ, ಬಲಗಾಲು ಒಂದಿಷ್ಟು ಮುಂದಿಟ್ಟು, ಫೋಟೋಕ್ಕೆ ನಿಂತ ಹಾಗೆ ನಿಂತಿತು. ಅಮೃತ ತಿರುಗಿಸಿ ತಂದಳು, ಮತ್ತೆ ನಿಂತಿತು. ಹಿಮ್ಮಡಿ ಒತ್ತಿದಳು, ಬೇಡಿಕೊಂಡಳು. ಮೂರನೆಯ ಸಲವೂ ನಿಂತಾಗ ಪಂಚರು ಕೈಯೆತ್ತಿದರು. ಅಲ್ಲಿಗೆ ಆಟದಿಂದ ಹೊರಗೆ.

"ನೀರಿಗೆ ಅಂಜತದ," ಅಂದರು ಉಸ್ತಾದರು. ಮರುದಿನವೇ ಭೀಮಾ ನದಿಗೆ ಕರೆದುಕೊಂಡು ಹೋದರೆ ಚಾಂದನಿ ಹೊಟ್ಟೆಯ ತನಕ ಇಳಿದು, ಕಾಲಿನಿಂದ ನೀರು ಚಿಮ್ಮಿಸಿ, ಉಸ್ತಾದರ ಇಸ್ತ್ರಿಯ ಅಂಗಿಯನ್ನು ಪೂರ್ತಿ ತೋಯಿಸಿತು. ಹೊರಗೆ ಬರಲು ಒಲ್ಲೆನೆಂದಿತು. ಅಂಜುವ ಕುದುರೆಯ ಲಕ್ಷಣ ಅದಾಗಿರಲಿಲ್ಲ.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಎಡೆಯ ಚರಗ ಚೆಲ್ಲಿದ ಮೇಲೆ ಎರಡನೆಯ ಸ್ಪರ್ಧೆ ಆಳಂದದ ಕಡೆಗೆ. ಅಲ್ಲಿಯೂ ಅದೇ ಹಾಡು. ಹೊಂಡ ಬಂತು, ನಿಶಾನೆ ಬಂತು, ಚಾಂದನಿ ಬಲಗಾಲು ಮುಂದಿಟ್ಟು ನಿಂತಿತು. ಹಗ್ಗದಾಚೆ ನೋಡುತ್ತಿದ್ದ ಗುಡುಸಾಬನಿಗೆ ತಡೆಯಲಾಗಲಿಲ್ಲ. ಹಗ್ಗದ ಕೆಳಗೆ ನುಸುಳಿ ಬಂದು, "ಚಲ್ ಬೇಟಿ, ಚಲ್!" ಅಂತ ಲಗಾಮು ಹಿಡಿದು ಎಳೆದೇಬಿಟ್ಟ. ಪಂಚರು ನಿಶಾನೆ ಎತ್ತಿದರು. ಸವಾರಿಯ ನಡುವೆ ಹೊರಗಿನವರು ಕೈ ಹಚ್ಚುವಂತಿಲ್ಲ, ಸನ್ನೆ ಮಾಡಿ ಹೇಳಿಕೊಡುವಂತೆಯೂ ಇಲ್ಲ.

"ನಾ ನನ್ನ ಕುದರಿಗೇ ಮಾತಾಡಿದ್ರ ತಪ್ಪೇನ್ರಿ?" ಅಂತ ಗುಡುಸಾಬ ವಾದಕ್ಕಿಳಿದ.

"ಕಾಕಾ, ಸುಮ್ನಿರ್ರಿ," ಅಂದಳು ಅಮೃತ. ಅಳಬಾರದು ಅಂತ ಮೊದಲೇ ಮಾತಾಗಿತ್ತಲ್ಲ, ಅದಕ್ಕೆ ಅಳಲಿಲ್ಲ. ಉಳಿದದ್ದು ಒಂದೇ ಸ್ಪರ್ಧೆ.

ಮೊದಲೇ ಒಪ್ಪಿಕೊಂಡ ಲಗ್ನವೊಂದು ಆ ನಡುವೆ ಜಿಡಗಾದಲ್ಲಿ ಇತ್ತು. ಚಾಂದನಿಯ ಜೊತೆ ಅಮೃತಳೂ ಹೋದಳು. ಕುದುರೆಯ ಮೇಲೆ ಬೇರೆಯವರು ಕೂತದ್ದು ನೋಡಲು ಮನಸ್ಸಿಲ್ಲ, ಬಿಟ್ಟಿರಲೂ ಮನಸ್ಸಿಲ್ಲ. ಮೆರವಣಿಗೆ ಹೆಣ್ಣಿನ ಮನೆಯ ಬಾಗಿಲಿಗೆ ಬಂದಿತು. ಬಾಗಿಲ ಎರಡೂ ಬದಿಗೆ ಮುತ್ತೈದೆಯರು ನೀರು ತುಂಬಿದ ಚೊಂಬು ಹಿಡಿದು ನಿಂತಿದ್ದರು. ಚಾಂದನಿ ತಾನಾಗಿಯೇ ನಿಂತಿತು. ಕತ್ತು ಎತ್ತಿ, ಬಲಗಾಲು ಒಂದಿಷ್ಟು ಮುಂದಿಟ್ಟು.

ಅಮೃತ ಒಂದು ಹೆಜ್ಜೆ ಮುಂದೆ ಬಂದು ಆ ಕಾಲನ್ನೇ ನೋಡಿದಳು.

ಒಬ್ಬಾಕೆ ಬಂದು ಆ ಬಲಗಾಲಿನ ಗೊರಸಿಗೆ ನೀರು ಹಾಕಿದಳು, ಅರಿಷಿಣ ಕುಂಕುಮ ಹಚ್ಚಿದಳು. ಬೆಲ್ಲ ಕೊಡಬೇಕು, ತಟ್ಟೆಯಲ್ಲಿ ಬೆಲ್ಲವಿಲ್ಲ. ಮದುಮಗ ಹಿಮ್ಮಡಿ ಒತ್ತಿದ, ಅವನ ಸೋದರಮಾವ ಹಿಂದಿನಿಂದ ನೂಕಿದ, ಚಾಂದನಿ ಕಲ್ಲಾಗಿ ನಿಂತಿತ್ತು.

"ಬೆಲ್ಲಾ ತರ್ರೇ ಬೇ! ಬೆಲ್ಲ ತಿನ್ನದ ಆಕಿ ಕಾಲ್ ಕೀಳಂಗಿಲ್ಲ!" ಅಂತ ಗುಡುಸಾಬ ಕೂಗಿದ. ಒಳಗಿಂದ ಬೆಲ್ಲ ಬಂತು, ಬಾಯಿಗೆ ಬಿತ್ತು. "ನಡಿ ತಾಯಿ," ಅಂದಳು ಆ ಹೆಂಗಸು. ಹಲಗೆ ಬಾರಿಸಿದರು, ಚಾಂದನಿ ನಡೆಯಿತು.

ಅಮೃತ ಜನರ ನಡುವೆ ದಾರಿ ಮಾಡಿಕೊಂಡು ಗುಡುಸಾಬನ ತೋಳು ಹಿಡಿದು ಅಲುಗಿಸಿದಳು. "ಕಾಕಾ! ಆಕಿ ನೀರಿಗೆ ಅಂಜಲ್ರಿ! ನಿಶಾನಿ ಕಂಡ್ರ ಬಾಗಲಾ ಅನ್ಕೊಂತಾಳ, ಪಂಚರನ್ನ ಬೀಗತಿ ಅನ್ಕೊಂತಾಳ! ಕಾಲಿಗಿ ನೀರ್ ಹಾಕ್ತಾರಂತ ಕಾಯಾಕತ್ತಾಳ್ರಿ!"

ಗುಡುಸಾಬ ಹಣೆ ಬಡಿದುಕೊಂಡ. ಬಾಗಿಲಲ್ಲಿ ನಿಲ್ಲುವುದನ್ನು ಅದಕ್ಕೆ ಮರಿಯಿದ್ದಾಗಿನಿಂದ ಕಲಿಸಿದವನು ಅವನೇ.

ಸುದ್ದಿ ಕೇಳಿ ಉಸ್ತಾದರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನನ್ನ ಶಾದಿಗಿ ನಾ ಸೈಕಲ್ ಮ್ಯಾಲ ಹೋಗೀನಿ. ನನಗ ಇದು ಹೆಂಗ ಹೊಳೀಬೇಕ್ರಿ?"

ಧರ್ಮಣ್ಣನ ಹೊಲದಲ್ಲಿ, ತೊಗರಿ ಕೊಯ್ದು ಖಾಲಿಯಾದ ಜಾಗದಲ್ಲಿ ಹೊಂಡ ತೋಡಿ ಬೋರಿನ ನೀರು ಬಿಟ್ಟರು. ಹಳೆಯ ಸೀರೆ ಹರಿದು ನಿಶಾನೆ ಕಟ್ಟಿದರು. ಉಪಾಯ ಅಮೃತಳದೇ. ನೀರು, ಬೆಲ್ಲ ಎರಡೂ ಇನ್ನು ಮೇಲೆ ಹೊಂಡದ ಆಚೆ ದಡದಲ್ಲಿ, ಈಚೆಗೆ ಏನೂ ಇಲ್ಲ. ಆಚೆ ದಡದಲ್ಲಿ ಸಕ್ಕುಬಾಯಿ ಚೊಂಬು ಇಟ್ಟುಕೊಂಡು, ಸೆರಗಿನಲ್ಲಿ ಬೆಲ್ಲ ಕಟ್ಟಿಕೊಂಡು ಕುಳಿತಳು. ಓಣಿಯ ಹೆಂಗಸರೆಲ್ಲ ನೋಡಲು ಬಂದರು.

"ಮದಿಮಗ ಎಲ್ಲಿ ಬೇ ಅಮೃತಾ?"

"ದಾರ್ಯಾಗ ಕೆಡವಿ ಬಂದೀನ್ರಿ ಅತ್ತಿ!"

"ಹಂಗಾರ ಇನ್ನೊಬ್ಬನ್ನ ನೋಡೂಣೇನು?"

"ದಿಮ್ಮಿ ಹಾರಾಕ ಬರೂವಂಥಾಂವ ಇದ್ರ ನೋಡ್ರಿ!"

ಮೊದಲ ಮುಂಜಾನೆ ಚಾಂದನಿ ಈಚೆ ದಡದಲ್ಲೇ ಕಾಲು ಮುಂದಿಟ್ಟು ನಿಂತಿತು. ಬಿಸಿಲು ಏರಿತು, ಹೆಂಗಸರು ರೊಟ್ಟಿ ಬಡಿಯಲು ಎದ್ದು ಹೋದರು. ಸಕ್ಕುಬಾಯಿ ಮಾತ್ರ ಅಲುಗಲಿಲ್ಲ. "ನಿಂದರ್ಲಿ ಬಿಡು, ನನಗೇನ್ ಅವಸರಿಲ್ಲ," ಅಂದಳು. ಕೊನೆಗೆ ಚಾಂದನಿಯೇ ಬೇಸತ್ತು, ನೀರಿಗೆ ಮೂಗು ತಾಗಿಸಿ, ಒಂದು ಕಾಲಿಟ್ಟು, ಇನ್ನೊಂದಿಟ್ಟು, ದಾಟಿ ಬಂದು ಮುದುಕಿಯ ಸೆರಗಿಗೇ ಬಾಯಿ ಹಾಕಿತು. ಅಮೃತ ಕುದುರೆಯ ಮೇಲಿಂದಲೇ ಕೇಕೆ ಹಾಕಿದಳು. ಆಮೇಲೆ ದಿನವೂ ಅದೇ ಆಟ. ಬಾಯಿಂದ ಹಲಗೆಯ ಸಪ್ಪಳ ಮಾಡಿ, "ನಡಿ ತಾಯಿ" ಅಂದರೆ ಸಾಕು, ಚಾಂದನಿ ಹೊಂಡಕ್ಕೆ ಓಡಿಯೇ ಇಳಿಯುತ್ತಿತ್ತು.

ಶಿವರಾತ್ರಿಗೆ ಮುಂಚೆ, ಮತ್ತೆ ಜೇವರ್ಗಿಯ ಉಸ್ತಾದರ ಮೈದಾನದಲ್ಲೇ ಕೊನೆಯ ಸ್ಪರ್ಧೆ. ಗುಡುಸಾಬನ ಟೆಂಪೋದಲ್ಲಿ ಝೂಲ, ಕನ್ನಡಿಯ ಪಟ್ಟಿ ಎಲ್ಲ ಇದ್ದವು. ಮರುದಿನ ಆಳಂದದಲ್ಲಿ ಲಗ್ನ. ಅಮೃತ ಅದನ್ನು ನೋಡಿಯೂ ನೋಡದವಳಂತೆ ಜೀನು ಬಿಗಿದಳು. ಸಕ್ಕುಬಾಯಿಯೂ ಬಂದಿದ್ದಳು, ಬಗಲಲ್ಲಿ ಚೊಂಬು.

"ಆಯಿ, ಆ ಚೊಂಬ್ ಯಾಕ ತಂದಿ? ನೀ ಏನರೆ ಅಂದ್ರ, ಕೈ ಎತ್ತಿದ್ರ ಮುಗೀತ, ನಾ ಹೊರಗ."

"ಕುಡ್ಯಾಕ ತಂದೀನಿ ಬೇ. ಬಿಸಲಾಗ ಮುದಕಿ ನೀರ್ ಕುಡೀಬಾರದೇನು?"

ಹೆಜ್ಜೆಯ ಭಾಗ ಚಂದಾಗಿ ಮುಗಿಯಿತು. ಬಯಲೋಟಕ್ಕೆ ಗಂಟೆ ಬಾರಿಸಿದರು. ಚಾಂದನಿ ಹಾರಿತೆಂದರೆ ಹಾರಿತು! ದಿಮ್ಮಿ ಕೆಳಗೆ ಉಳಿಯಿತು, ದಿಬ್ಬ ಹಿಂದೆ ಉಳಿಯಿತು, ಅಮೃತಳ ಜಡೆ ಬಿಚ್ಚಿ ಹಾರಾಡಿತು. ಎದುರಿಗೆ ಹೊಂಡ. ಕೆಂಪು ನಿಶಾನೆ, ಬಿಳಿ ನಿಶಾನೆ, ಸೀರೆಯುಟ್ಟ ಪಂಚರು. ಹಗ್ಗದಾಚೆ ಜನರ ಮುಂದೆಯೇ ಸಕ್ಕುಬಾಯಿ, ಕೈಯಲ್ಲಿ ಚೊಂಬು!

ಚಾಂದನಿಯ ಕಿವಿ ಮುದುಕಿಯ ಕಡೆ ತಿರುಗಿದವು. ಓಟ ನಿಧಾನವಾಯಿತು. ಸಕ್ಕುಬಾಯಿಗೂ ಅದು ಕಂಡಿತು. ಆಕೆ ಚೊಂಬನ್ನು ಸೆರಗಿನೊಳಗೆ ತುರುಕಿ, ಬಾಯಿಗೆ ಸೆರಗು ಒತ್ತಿಕೊಂಡು, ಮೊಮ್ಮಗಳ ಆಟಕ್ಕೇ ಬೆನ್ನು ತಿರುಗಿಸಿ ನಿಂತುಬಿಟ್ಟಳು. ಅಷ್ಟು ದೂರದಿಂದ ನೋಡಲು ಬಂದವಳು ನೋಡಲೇ ಇಲ್ಲ.

"ಡಣಕ್ ಡಣಕ್ ಡಣಕ್," ಅಂತ ಅಮೃತ ಬಾಯಿಂದ ಹಲಗೆ ಬಾರಿಸಿದಳು. "ನಡಿ ತಾಯಿ! ಬೆಲ್ಲ ಆಚಿಗದ, ನಡಿ!"

ಬಲಗಾಲು ಮುಂದೆ ಬಂತು. ನಿಲ್ಲಲಿಲ್ಲ. ನೀರಿಗೇ ಬಿತ್ತು. ಹೊಂಡದ ನೀರೆಲ್ಲ ಮೇಲೆದ್ದು, ಪಂಚರ ಸೀರೆ ಒದ್ದೆಯಾಗಿ, ಹಗ್ಗದಾಚೆ ಜನ ಹೋ ಎಂದು ಕೂಗಿ, ಚಾಂದನಿ ಆಚೆ ದಡ ಹತ್ತಿತು.

ಹತ್ತಿ, ನಿಂತುಬಿಟ್ಟಿತು. ಇಷ್ಟು ದಿನ ಅಲ್ಲಿಯೇ ಅಲ್ಲವೇ ಬೆಲ್ಲ ಸಿಗುತ್ತಿದ್ದದ್ದು?

ಗುಡುಸಾಬ ತನ್ನ ಬಾಯಿಯನ್ನು ತಾನೇ ಎರಡೂ ಕೈಯಿಂದ ಮುಚ್ಚಿಕೊಂಡ. ಅಮೃತ ಮಾತ್ರ ನಗುತ್ತಿದ್ದಳು. ಈ ಜಂಬಗಾತಿಯನ್ನು ಅವಳಿಗಿಂತ ಬಲ್ಲವರು ಯಾರು? ಅಂಗಿಯ ಕಿಸೆಯಿಂದ ಬೆಲ್ಲದ ತುಣುಕು ತೆಗೆದು ಮುಂದಕ್ಕೆ ಬಾಗಿದಳು. ಚಾಂದನಿ ಕತ್ತು ತಿರುಗಿಸಿ, ಅವಸರವಿಲ್ಲದೆ ತಿಂದಿತು. ಹೊತ್ತು ಹೋಯಿತು, ಅಂಕ ಹೋದವು, ಹೋಗಲಿ! ಮತ್ತೆ ಓಡಿದ ಓಟ ನಿಂತದ್ದು ಕೊನೆಯ ಗೆರೆ ದಾಟಿಯೇ. ಮಧ್ಯಾಹ್ನ ಮೈದಾನದ ಗಂಬಗಳಲ್ಲಿ ಒಂದೇ ಒಂದು ಬಿತ್ತು. ಬಹುಮಾನ ಬೇರೆಯವರಿಗೆ ಹೋಯಿತು. ಆದರೆ ಮೂರೂ ಭಾಗ ಪೂರ್ತಿ ಮುಗಿಸಿದವರನ್ನು ಕರೆಯುವಾಗ, "ಅತನೂರಿನ ಅಮೃತ, ಕುದುರೆ ಚಾಂದನಿ," ಅಂತ ಮೈಕಿನಲ್ಲಿ ಕೇಳಿಸಿತು.

ಆಗ ಸಕ್ಕುಬಾಯಿ ಹಗ್ಗ ದಾಟಿ ಬಂದಳು. "ಈಗರೆ ಹಾಕಬಹುದೇನ್ರಿ ನೀರ್?" ಅಂತ ಪಂಚರನ್ನೇ ಕೇಳಿ, ಚಾಂದನಿಯ ಬಲಗಾಲಿಗೆ ಚೊಂಬಿನ ನೀರು ಪೂರ್ತಿ ಸುರಿದಳು. ಒದ್ದೆ ಸೀರೆಯ ಪಂಚರು ನಗುತ್ತ ಸರಿದು ನಿಂತರು.

ಗುಡುಸಾಬ ಟೆಂಪೋದಿಂದ ಜರಿಯ ಝೂಲ ತಂದ. ಅಮೃತಳ ಮುಖ ಒಂದು ಕ್ಷಣ ಸಣ್ಣದಾಯಿತು. ಅವನು ಅದನ್ನು ಕುದುರೆಗೆ ಹೊದಿಸಲಿಲ್ಲ. ಬೆವರಿ ನಿಂತ ಹುಡುಗಿಯ ಹೆಗಲ ಮೇಲೆ ಹಾಕಿದ. ಆಮೇಲೆ ಫೋನು ತೆಗೆದು, ದೂರ ಹೋಗದೆ ಎಲ್ಲರಿಗೂ ಕೇಳಿಸುವ ಹಾಗೆ ಗಟ್ಟಿಯಾಗಿ ಮಾತಾಡಿದ.

"ನಮಸ್ಕಾರ್ರಿ ಆಳಂದದ ಬೀಗರ. ನಾಳಿ ಕುದರಿ ಬರಂಗಿಲ್ರಿ. ಆಂ? ಇಲ್ಲ, ಆರಾಮ ಅದ, ಭಾಳ ಆರಾಮ ಅದ. ನಿಮ್ಮ ಮದಿಮಗನ್ನ ಕಾರಿನ್ಯಾಗ ತರಸ್ರಿ. ಬಾಗಲದಾಗ ಬೆಲ್ಲಾ ಬೇಡಂಗಿಲ್ಲ ಅದು."