ಖಾಲಿ ಹಾಳೆಯಿಂದ ಓದಿದ ಕಾಗದ

ನೀವು ಇದನ್ನು ನಂಬುವುದಿಲ್ಲ, ಬೇಕಾದರೆ ಬರೆದುಕೊಡುತ್ತೇನೆ. ನಾನು ಹೇಳುವುದನ್ನು ನಮ್ಮ ಕ್ಲಾಸಿನಲ್ಲೂ ಯಾರೂ ನಂಬುವುದಿಲ್ಲ. ನಾವಿರುವ ತಮಿಳು ಬಡಾವಣೆ ಕೀಲ್ಪಾಕ್‌ನಲ್ಲಿ ಒಂದು ನಾಯಿ ಅಟ್ಟಿಸಿಕೊಂಡು ಬಂದರೆ ನಾನು ಮೂರು ಎನ್ನುವವಳು, ಅದರಲ್ಲೊಂದಕ್ಕೆ ಹುಚ್ಚನ್ನೂ ಹಿಡಿಸುವವಳು. ಆದರೆ ದೆವ್ವ, ಮೈಮೇಲೆ ಬರುವುದು ಎಂದರೆ ನನಗೂ ನಗುವೇ. ಎರಡು ವರ್ಷದ ಹಿಂದಿನ ಆ ಭಾನುವಾರದವರೆಗೆ.

ಅಮ್ಮ ನರ್ಸ್. ಲಂಕೆಯ ಯುದ್ಧಕ್ಕೆ ಹೆದರಿ ದೋಣಿಯಲ್ಲಿ ಬಂದವರ ಶಿಬಿರವೊಂದು ನಗರದಾಚೆ ಇತ್ತು. ಭಾನುವಾರ ಅಲ್ಲಿಗೆ ಹೋಗಿ ಔಷಧಿ ಕೊಡುತ್ತಿದ್ದಳು.

"ಟಿವಿ ಮುಂದೆ ಬಿದ್ದಿರೋ ಬದ್ಲು ಬಾ. ತಮಿಳು ಬರೆಯಕ್ಕೆ ಬರತ್ತಲ್ಲ, ಅವರಿಗೆ ಕಾಗದನಾದ್ರೂ ಬರ್ಕೊಡು" ಎಂದು ನನ್ನನ್ನೂ ಎಳೆದುಕೊಂಡು ಹೋದಳು.

ತಗಡಿನ ಮನೆಗಳು. ಎಷ್ಟು ಸೆಖೆಯೆಂದರೆ ಅಲ್ಲಿನ ಕೋಳಿ ಬೇಯಿಸಿದ ಮೊಟ್ಟೆಯನ್ನೇ ಇಡುತ್ತಿತ್ತು. ಲಂಕೆಯ ಊರಲ್ಲಿ ಉಳಿದವರಿಗೆ ಕಾಗದ ಬರೆಯುವುದು ನನ್ನ ಕೆಲಸ, ಪರಿಹಾರ ಸಂಸ್ಥೆಯವರು ಅದನ್ನು ಒಯ್ದು ಮುಟ್ಟಿಸುತ್ತಿದ್ದರು. ಒಬ್ಬರಿಗೆ ಒಂದೇ ಹಾಳೆ, ಮನೆಯ ಸುದ್ದಿ ಮಾತ್ರ. ಉತ್ತರ ಅದೇ ಹಾಳೆಯ ಹಿಂಬದಿಯಲ್ಲಿ ಬರೆಸಿಕೊಂಡು ವಾಪಸ್ ಬರಬೇಕು.

ಅಲ್ಲೊಬ್ಬಳು ಅಜ್ಜಿಯಿದ್ದಳು. ಎಲ್ಲರೂ ಅವರ ತಮಿಳಲ್ಲಿ ಆಚ್ಚಿ ಎನ್ನುತ್ತಿದ್ದರು, ಅವಳಿಗೆ ನಾನು ಪಿಳ್ಳೆ, ಅಂದರೆ ಮಗು. ಎರಡು ಕಣ್ಣಿಗೂ ಪೊರೆ. ಅಮ್ಮ ಆಪರೇಷನ್‌ಗೆ ದಿನ ಗೊತ್ತು ಮಾಡಿದ್ದಳು. ತಡಮಾಡಿದರೆ ಇರುವ ಮಬ್ಬು ಬೆಳಕೂ ಹೋಗುತ್ತದೆಂದು ಡಾಕ್ಟರು ಹೇಳಿದ್ದರು. ಆಚ್ಚಿ ಮಾತ್ರ ಜಗ್ಗಲಿಲ್ಲ. ಊರಲ್ಲೇ ಉಳಿದ ಮಗನ ಕಾಗದ ಬರದೆ ಆಸ್ಪತ್ರೆಗೆ ಬರುವುದಿಲ್ಲ ಎಂದಳು.

ನಾನು ಬರೆದ ಹಾಳೆ ಮೂರು ತಿಂಗಳಿಗೆ ವಾಪಸ್ ಬಂತು. ಮೂಲೆಯಲ್ಲಿ 'ಮನೆಯಲ್ಲಿ ಯಾರೂ ಇಲ್ಲ' ಎಂಬ ಗುರುತು. ಹಿಂಬದಿ ಖಾಲಿ. ಅಮ್ಮನ ಮಾತಿಗೆ ಜಗ್ಗದ ಆಚ್ಚಿಯನ್ನು ನಾನು ಒಪ್ಪಿಸಿ ತೋರಿಸೋಣ ಎನ್ನಿಸಿತು. ಖಾಲಿ ಬದಿಯನ್ನು ಮುಖದ ಮುಂದೆ ಹಿಡಿದು ಓದಿಯೇಬಿಟ್ಟೆ. ಮಗನಿಗೆ ಬೇಕರಿಯಲ್ಲಿ ಕೆಲಸ, ಬಿಸ್ಕತ್ತು ತಿಂದೂ ತಿಂದೂ ಅಂಗಿಯ ಗುಂಡಿ ಹಾರಿ ಯಜಮಾನನ ಮೂಗಿಗೆ ಬಡಿದಿದೆ, ಟೀಗೆ ಉಪ್ಪು ಹಾಕುವ ಚಟ ಬಿಟ್ಟಿಲ್ಲ, ನೀನು ಬೇಗ ಕಣ್ಣು ಮಾಡಿಸಿಕೊ.

ಆಚ್ಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಅಯ್ಯೋ ಪಿಳ್ಳೆ, ಟೀಗೆ ಉಪ್ಪು! ಅವನೇ, ಅವನೇ!" ಆಪರೇಷನ್‌ಗೂ ಒಪ್ಪಿದಳು.

ಉಪ್ಪು ನಾನು ತಮಾಷೆಗೆ ಸೇರಿಸಿದ್ದು. ಮೈ ಜುಂ ಎಂದರೂ ಅದೃಷ್ಟ ಎಂದುಕೊಂಡೆ.

ಮುಂದಿನ ಭಾನುವಾರ ಮಧ್ಯಾಹ್ನ ಆಚ್ಚಿ ತಲೆದಿಂಬಿನ ಕೆಳಗಿಂದ ಹಾಳೆ ತೆಗೆದು, "ಇನ್ನೊಂದ್ಸಲ ಓದು ಪಿಳ್ಳೆ, ನಾಳೆ ಆಸ್ಪತ್ರೆಗೆ ಹೋಗ್ಬೇಕು" ಎಂದಳು. ಈ ಸಲ ಬೇಕರಿಗೊಂದು ಕೋತಿಯನ್ನು ನುಗ್ಗಿಸುವ ಯೋಚನೆಯಿತ್ತು. ಬಾಯಿ ತೆರೆದೆ. ಬಂದದ್ದೇ ಬೇರೆ.

"ಅಮ್ಮಾ, ಬಾವಿಯ ನೀರು ತುಂಬ ತಣ್ಣಗಿದೆ. ಕಾಲಲ್ಲಿ ಒಂದೇ ಚಪ್ಪಲಿ ಉಳಿದಿದೆ. ಬಾರು ಕಿತ್ತಿತ್ತು, ನೀಲಿ ವೈರು ಕಟ್ಟಿಕೊಂಡೆ."

ನಿಲ್ಲಿಸಬೇಕೆಂದರೂ ನಾಲಿಗೆ ನಿಲ್ಲಲಿಲ್ಲ. ಆಚ್ಚಿ ನಗಲಿಲ್ಲ. ನನ್ನ ಮೊಣಕೈ ಹಿಡಿದು, "ಆಮೇಲೆ?" ಎಂದಳು.

ಇದರಲ್ಲಿ ಒಂದಕ್ಷರವನ್ನೂ ನಾನು ಸೇರಿಸಿಲ್ಲ. ಯಾಕೆ ಬಂತು, ಎಲ್ಲಿಂದ ಬಂತು, ಇವತ್ತಿಗೂ ಗೊತ್ತಿಲ್ಲ. ನನ್ನ ತಲೆಯಲ್ಲಿದ್ದದ್ದು ಕೋತಿ.

ಅಷ್ಟರಲ್ಲಿ ಅಮ್ಮ ಒಳಗೆ ಬಂದಳು. ಆಚ್ಚಿಗೆ ತಿಳಿಯಬಾರದೆಂದು ಕನ್ನಡದಲ್ಲಿ, ಗೋಡೆ ನೋಡುತ್ತ ಹೇಳಿದಳು: "ಆಫೀಸಿಗೆ ಈಗ ಫೋನ್ ಬಂತು ಕಣೇ. ಊರಿಗೆ ವಾಪಸ್ ಹೋದವರು ಇವರ ಮನೆ ಬಾವಿ ತೊಳೀತಿದ್ರಂತೆ. ಬರೀ ಮೂಳೆ. ಚಪ್ಪಲಿಗೆ ನೀಲಿ ವೈರು ಕಟ್ಟಿತ್ತಂತೆ, ಅದರಲ್ಲೇ ಗುರುತು ಹಿಡಿದ್ರು. ನಾಳೆ ಆಪರೇಷನ್ನು, ಹೇಗೇ ಹೇಳ್ಲಿ?"

ಅಮ್ಮ ನನ್ನ ಕೈಯಿಂದ ಹಾಳೆ ತೆಗೆದುಕೊಂಡು ತಿರುಗಿಸಿದಳು. ಖಾಲಿ. ಮತ್ತೆ ತಿರುಗಿಸಿದಳು.

"ಏನೇ ಓದ್ತಿದ್ದೆ?"

ಆಚ್ಚಿ ನನ್ನ ಮೊಣಕೈ ಬಿಟ್ಟಿರಲಿಲ್ಲ. "ಅವಳನ್ನ ನಿಲ್ಲಿಸ್ಬೇಡಮ್ಮ" ಎಂದಳು. "ಅವನು ಇನ್ನೂ ಹೇಳಿ ಮುಗಿಸಿಲ್ಲ."

ಅಮ್ಮ ಹಾಳೆಯನ್ನು ನಾಲ್ಕಾಗಿ ಮಡಚಿ, ನನ್ನ ಮೊಣಕೈ ಹಿಡಿದಿದ್ದ ಆಚ್ಚಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.