ಬೆಳ್ಳಕ್ಕ ಒದೆಯಲಿಲ್ಲ

ಹೊಳನಗದ್ದೆಯ ಬೆಳ್ಳಕ್ಕ ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ಒದ್ದರೆ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಹಾಗಾಗಿ ಅವಳು ಮೀನು ಬುಟ್ಟಿ ಹೊತ್ತು ಕುಮಟೆ ಪೇಟೆಗೆ ಹೊರಡುವ ಮೊದಲು ಅಂಗಳದಲ್ಲಿ ಇಬ್ಬರೋ ಮೂವರೋ ಬೆನ್ನು ತಿರುಗಿಸಿ ನಿಂತಿರುತ್ತಿದ್ದರು. ಊರ ಗಂಡಸರಿಗೆ ಹಾಡಹಗಲೇ ಒದೆಯುವ ಹಕ್ಕು ಅವಳೊಬ್ಬಳಿಗಿತ್ತು. ನನಗೂ ಎರಡು ಸಲ ಬಿದ್ದಿದೆ. ಎರಡನೆಯ ಸಲ ಉಳುಕೇ ಇರಲಿಲ್ಲ.

ಒದೆಯೊಂದೇ ಅವಳ ವಿದ್ಯೆ ಎನ್ನುವವರು ಮೂರ್ಖರು. ದೋಣಿಯ ಹುಟ್ಟು ಹಾಕಿ ಹೆಗಲು ಹಿಡಿದವನಿಗೆ, ಹಗ್ಗ ಎಳೆದು ಮೊಣಕೈ ನೊಂದವನಿಗೆ, ಮೀನು ಕೊಯ್ದು ಹೆಬ್ಬೆರಳ ಬುಡ ಊದಿಸಿಕೊಂಡವಳಿಗೆ ಉಪ್ಪಿನ ಶಾಖ ಕೊಟ್ಟು, ಬಟ್ಟೆ ಕಟ್ಟಿ, "ಎಂಟು ದಿನ ಕೈ ಸುಮ್ನೆ ಇಟ್ಕಳಿ" ಎನ್ನುತ್ತಿದ್ದಳು. ಅದನ್ನು ಯಾರು ಕೇಳುತ್ತಾರೆ? ಒದೆ ಮಾತ್ರ ಎಲ್ಲರಿಗೂ ಬೇಕು.

ಅರವತ್ತೆರಡರ ದೀಪಾವಳಿ ಕಳೆದ ವಾರ ದಡದಲ್ಲಿ ರಂಪಣಿ ಬಲೆ ಎಳೆಯುತ್ತಿದ್ದೆವು. ಹಗ್ಗದ ಕೊನೆಯಲ್ಲಿದ್ದ ದೇವಪ್ಪನ ಕಾಲಲ್ಲಿ ಫಟ್ಟೆಂದು ಸದ್ದಾಯಿತು, ಮರಳಿಗೆ ಬಿದ್ದ. "ಯಾರಾ ಹಿಂದಿಂದ ಒದ್ದದ್ದು?" ಎಂದು ಗರ್ಜಿಸಿದ. ಹಿಂದೆ ನರಪಿಳ್ಳೆಯೂ ಇರಲಿಲ್ಲ. ದೂರದಲ್ಲಿ ಬುಟ್ಟಿ ಹಿಡಿದು ನಿಂತವಳು ಕಣ್ಣಿಗೆ ಬಿದ್ದಳು. "ಬೆಳ್ಳಕ್ಕಾ, ಕೇಳದೇ ಒದ್ಯುದಾ ನೀನು?"

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಬೆಳ್ಳಕ್ಕ ನಗಲಿಲ್ಲ. ಅವನನ್ನು ಬೋರಲು ಮಲಗಿಸಿ ಒಳ್ಳೆಯ ಕಾಲಿನ ಮೀನಖಂಡ ಒತ್ತಿದಳು, ಪಾದ ಅಲುಗಿತು. ನೊಂದ ಕಾಲಿನದನ್ನು ಒತ್ತಿದಳು. ಪಾದ ಅಲುಗಲೇ ಇಲ್ಲ. ಹಿಮ್ಮಡಿಯ ಮೇಲೆ, ಹಗ್ಗದಂಥ ದಪ್ಪ ನರ ಇರಬೇಕಾದಲ್ಲಿ, ಬೆರಳು ಹೋಗುವಷ್ಟು ತಗ್ಗು.

"ಇದು ಉಳುಕಲ್ಲ, ನರ ಹರ್ದದೆ. ನನ್ನ ಕೈಲಿ ಆಗುದಿಲ್ಲ. ಕುಮಟೆ ಡಾಕ್ಟ್ರ ಹತ್ರ ಹೊತ್ಕೊಂಡು ಹೋಗಿ."

"ಮೀನಿನ ಸೀಸನ್ ಈಗ ಸುರುವಾಗ್ಯದೆ ಅಕ್ಕಾ," ದೇವಪ್ಪ ಅಂಗಲಾಚಿದ. "ಮಲಗಿದ್ರೆ ಮಕ್ಕಳ ಗತಿ ಎಂತ? ಒಂದು ಒದ್ದು ನೋಡು."

"ಒದ್ರೆ ಕಾಲೇ ಹೋತದೆ. ಒದ್ಯುದಿಲ್ಲ ಅಂದ್ರೆ ಒದ್ಯುದಿಲ್ಲ."

ಡಾಕ್ಟರು ಹರಿದ ತುದಿಗಳು ಕೂಡಿಕೊಳ್ಳಲೆಂದು ಪಾದವನ್ನು ಕೆಳಗೆ ಬಾಗಿಸಿ ಪ್ಲಾಸ್ಟರ್ ಹಾಕಿದರು. ಎಂಟು ವಾರ. ಆ ಎಂಟು ವಾರ ಬೆಳ್ಳಕ್ಕನ ಅಂಗಳಕ್ಕೆ ಯಾರೂ ಕಾಲಿಡಲಿಲ್ಲ. ದೇವಪ್ಪನ ಹೆಂಡತಿ ಎದುರಾದರೆ ಮುಖ ತಿರುಗಿಸುತ್ತಿದ್ದಳು. ನನಗಂತೂ ಊರವರ ಮೇಲೆ ಸಿಟ್ಟು ನೆತ್ತಿಗೇರಿತ್ತು.

ಪ್ಲಾಸ್ಟರ್ ತೆಗೆದ ಮೇಲೆ ದೇವಪ್ಪ ಹಿಮ್ಮಡಿ ಎತ್ತರಿಸಿದ ಚಪ್ಪಲಿ ಮೆಟ್ಟಿ, ಕೋಲೂರಿ, ನಡೆದೇ ಅವಳ ಮನೆಗೆ ಬಂದ. "ತಿಕ್ಕದೇ ಒದ್ಯದೇ ಅದೇ ದಿನ ಕಳ್ಸಿದ್ದಕ್ಕೆ ಕಾಲು ಉಳೀತು ಅಂದ್ರು ಡಾಕ್ಟ್ರು. ಬರೋ ಸೀಸನ್ನಿಗೆ ಹಗ್ಗ ಹಿಡೀಬಹುದಂತೆ."

ಬೆಳ್ಳಕ್ಕ ಮೆಟ್ಟಿಲ ಮೇಲೆ ಕುಸಿದು ಗೊಳೋ ಎಂದು ಅತ್ತಳು.

"ಗುಣ ಆತಲ್ಲ ಅಕ್ಕಾ, ಎಂತಕ್ಕೆ ಅಳ್ತೀ?"

"ಎರಡು ತಿಂಗಳು ನಿದ್ದೆ ಮಾಡಲಿಲ್ಲ ತಮ್ಮಾ," ಎಂದಳು, "ಒದ್ದಿದ್ರೆ ಸರಿಯಾಗ್ತಿತ್ತೇನೋ ಅಂತ."